ಮೂಲೆ ಹರಿದ ಲಕೋಟೆ

ಕಾಕಾನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಉದ್ದಕ್ಕೆ ಸೀಳಿತ್ತು. ಎಡಗೈಯದೂ ಇರಬಹುದು. ಈಗ ಕಣ್ಣು ಮುಚ್ಚಿದರೆ ಉಗುರು ಕಾಣುತ್ತದೆ, ಕೈ ಯಾವುದೆಂದು ಕಾಣುವುದಿಲ್ಲ. ಆ ಸೀಳಿನಲ್ಲಿ ಸೀಮೆಸುಣ್ಣದ ಪುಡಿ ಸದಾ ಕೂತಿರುತ್ತಿತ್ತು. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಾಗಲೂ ಅದು ಹೋಗಿರುತ್ತಿರಲಿಲ್ಲ. ನಾನು ಅವನ ಅಣ್ಣನ ಮಗಳು. ಅವನು ತೀರಿಕೊಂಡಾಗ ನನಗೆ ಹನ್ನೊಂದೋ ಹನ್ನೆರಡೋ ವರ್ಷ. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಒಂದು ವಿವರವಂತೂ ತಪ್ಪೇ ಆಗಿರಲಿ ಎಂದು ಮೂರು ವರ್ಷಗಳಿಂದ ಬಯಸುತ್ತಿದ್ದೇನೆ.

ಕಾಕಾ ಜೇವರ್ಗಿಯ ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರನಾಗಿದ್ದ. ಅದಕ್ಕೂ ಮೊದಲು ಕೊಳಕೂರಿನಲ್ಲಿ ಒಂದೆರಡು ವರ್ಷ. ನಮ್ಮ ಮನೆ ಚೌಡಾಪುರದ ಹತ್ತಿರದ ಹಳ್ಳಿಯಲ್ಲಿ. ಅಲ್ಲಿ ಆಯಿ, ಅಂದರೆ ಅಪ್ಪನ ತಾಯಿ, ಇದ್ದಳು. ಅಫಜಲಪುರದ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ ಇದ್ದ. ಕಾಕಾನ ಹೆಂಡತಿ ಕಾಕಿ ಇದ್ದಳು. ನನ್ನ ತಾಯಿ ನಾನು ನಡೆಯಲು ಕಲಿಯುವ ಮೊದಲೇ ಹೋಗಿದ್ದಳು. ಕಾಕಿಯೇ ನನಗೆ ಉಣಿಸಿ, ಹೆರಳು ಹಾಕಿ ಶಾಲೆಗೆ ಕಳಿಸುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಎರಡು ಬಸ್ಸು ಬದಲಿಸಿ ಕಾಕಾ ಮನೆಗೆ ಬರುತ್ತಿದ್ದ. ಚಹಾ ಕುಡಿದ ಮೇಲೆ ಸಾರಿಸಿದ ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕೂತು, ಕಡ್ಡಿ ಎತ್ತದೆ ಒಂದೇ ಗೆರೆಯಲ್ಲಿ ಆಫ್ರಿಕಾ ಖಂಡ ಬರೆಯುತ್ತಿದ್ದ. ಸಮುದ್ರವನ್ನು ಒಮ್ಮೆಯೂ ನೋಡಿರದ ಮನುಷ್ಯ. “ನಕಾಶಿಯೊಳಗ ಎಲ್ಲಾ ಊರೂ ಬಾಜೂಕ ಬಾಜೂನೇ ಅದಾವ, ನೋಡಬೇ” ಎನ್ನುತ್ತಿದ್ದ. ನದಿಗಳನ್ನು ಬರೆಯಲು ನನಗೆ ಬಿಡುತ್ತಿದ್ದ. ಒಮ್ಮೆ ಮರುಭೂಮಿಯ ನಡುವೆ ನಾನು ದಪ್ಪನೆಯ ಹೊಳೆಯೊಂದನ್ನು ಹರಿಸಿದಾಗ ಕಡ್ಡಿ ಕಸಿದುಕೊಂಡು ಅಳಿಸಿದ.

“ಮಳಿಗಾಲಕ್ಕಷ್ಟೇ ಹರಿಯೋ ಹಳ್ಳಕ್ಕ, ಯಾರೂ ಹೋಗಿ ಅಳೀಲಾರದ ದಂಡಿಗಿ ಚುಕ್ಕಿ ಗೆರಿ ಹಾಕಬೇಕು. ಗೊತ್ತಿರಲಾರದ್ದಕ್ಕ ಗಟ್ಟಿ ಗೆರಿ ಹೊಡದಿ ಅಂದ್ರ ಅದು ಸುಳ್ಳು.”

ಇವತ್ತಿಗೂ ದಿನಚರಿಯಲ್ಲಿ ಖಾತ್ರಿಯಿಲ್ಲದ ಸಾಲಿನ ಕೆಳಗೆ ನಾನು ಚುಕ್ಕಿ ಇಡುತ್ತೇನೆ. ಕಾಲೇಜು ಸೇರಿ ಎಂ.ಎ. ತನಕ ಓದಿದ ಐದಾರು ವರ್ಷಗಳಲ್ಲಿ ಇದಕ್ಕಿಂತ ಹೆಚ್ಚಿನದನ್ನು ಯಾರೂ ನನಗೆ ಕಲಿಸಲಿಲ್ಲ.

ನಮ್ಮ ಕಡೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಸಾವಿನ ಸುದ್ದಿ ತರುವ ಪತ್ರದ ಒಂದು ಮೂಲೆಯನ್ನು ಬರೆದವರೇ ಹರಿದು ಕಳಿಸುತ್ತಿದ್ದರು. ಅಂಥ ಪತ್ರ ಹೊಸ್ತಿಲು ದಾಟಬಾರದು; ಹೊರಗೇ ಓದಿ, ಅಲ್ಲೇ ಚೂರು ಮಾಡಿ, ತಲೆ ಮೇಲೆ ನೀರು ಹಾಕಿಕೊಳ್ಳಬೇಕು. ಕಣ್ಣಿಗೆ ಪೊರೆ ಬಂದಿದ್ದ ಆಯಿ ಯಾವ ಪತ್ರ ಬಂದರೂ ನಾಲ್ಕೂ ಮೂಲೆಯನ್ನು ಬೆರಳಿನಿಂದ ಸವರಿ ನೋಡಿಯೇ ಒಳಗೆ ಬಿಡುತ್ತಿದ್ದಳು. ಕಡಗಂಚಿಯಿಂದ ಅವಳ ಅಣ್ಣನ ಸುದ್ದಿ ಬಂದ ದಿನ ಕಾಕಾ ಮನೆಯಲ್ಲಿದ್ದ. “ಒಳಗ ತರಬ್ಯಾಡ! ಅಲ್ಲೇ ನಿಂದ್ರು, ಅಲ್ಲೇ ಓದು” ಎಂದು ಆಯಿ ಚೀರಿದಳು. ಅವನು ಅಂಗಳದಲ್ಲಿ ನಿಂತು ಓದಿದ. ಆಮೇಲೆ ಕಾರ್ಡನ್ನು ಹರಿದು ಅಂಗಳದ ನೀರೊಲೆಗೆ ಹಾಕಿದ.

“ಬಸವಣ್ಣನ ಮಂದಿಗಿ ಸೂತಕಿಲ್ಲ ಯವ್ವಾ” ಎಂದ, ಅವಳು ಮೈಮೇಲೆ ನೀರು ಹಾಕಿಕೊಂಡು ಬಂದ ಮೇಲೆ. “ಹರದ ಕಾಗದಕ್ಕ ಇಷ್ಟ್ಯಾಕ ಹೆದರ್ತಿ?”

“ಸೂತಕಿಲ್ಲಪಾ, ಖರೆ. ಸಂಕಟಿಲ್ಲೇನು?”

ಕಾಕಾ ಮಾತಿನಲ್ಲಿ ಸೋತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಇಥಿಯೋಪಿಯಾದ ಶಾಲೆಗಳಿಗೆ ಮಾಸ್ತರರು ಬೇಕಾಗಿದ್ದಾರೆಂಬ ಜಾಹೀರಾತು ಅವನ ಕಣ್ಣಿಗೆ ಎಲ್ಲಿ ಬಿತ್ತೋ ತಿಳಿಯದು. ಆರು ತಿಂಗಳಲ್ಲಿ ಕಾಗದಪತ್ರ ಎಲ್ಲ ಮುಗಿಸಿಕೊಂಡು ಬಂದ. ಬಾಜೂಮನೆಯ ದರ್ಜಿ ಚಾಚಾ ಕೋಟಿನ ಅಳತೆ ತೆಗೆಯುತ್ತ, “ಅರೇ ಮಾಸ್ತರ್, ನಮ್ಮ ಬಿಸಿಲು ನಿಮಗ ಸಾಲಲಿಲ್ಲೇನ್ರಿ? ಹಬಶಿ ಮುಲುಕಿಗೇ ಹೋಗಬೇಕಾ?” ಎಂದ.

“ಅಲ್ಲಿ ಗುಡ್ಡದ ಮ್ಯಾಲ ಥಂಡಿ ಅದ ಚಾಚಾ. ಒಳಗಿಂದ ದೊಡ್ಡ ಕಿಸೆ ಇಡ್ರಿ, ಪತ್ರ ಇಟ್ಕೋಬೇಕು.”

“ರೊಟ್ಟಿ ಇಟ್ಕೋರಿ, ರೊಟ್ಟಿ. ಪತ್ರ ತಿಂದ್ರ ಹೊಟ್ಟಿ ತುಂಬಂಗಿಲ್ಲ.”

ಆಯಿ ನಗಲಿಲ್ಲ. ಅವಳು ಒಂದು ಕರಾರು ಹಾಕಿದಳು. “ಎರಡು ವರ್ಷಂದ್ರ ಎರಡೇ ವರ್ಷ. ಮುಂದ ಇರೂದಿದ್ರ ನನ್ನ ಕೇಳಿ ಇರಬೇಕು.”

“ಕೇಳಿನೇ ಇರ್ತೀನಿ ಯವ್ವಾ. ನೀ ಬಾ ಅಂದ್ರ ಮರುದಿನ ಗಂಟು ಕಟ್ತೀನಿ.”

ಚೌಡಾಪುರದ ರಸ್ತೆಯಲ್ಲಿ ಬಸ್ಸಿಗೆ ಕಾಯುವಾಗ ಅವನು ನನ್ನ ಕಿವಿಯಲ್ಲಿ, “ಟಿಕೀಟೆಲ್ಲಾ ನಿನ್ನವು. ಆದ್ರ ಆಯಿ ಹೂಂ ಅಂದ ಮ್ಯಾಲ ಬಿಡಿಸ್ಕೋಬೇಕು” ಎಂದ. ಅಂಚೆಚೀಟಿಗೆ ನಮ್ಮಲ್ಲಿ ಟಿಕೀಟು ಎನ್ನುತ್ತಾರೆ. ಶೇಂಗಾ ಹಿಂಡಿಯ ಡಬ್ಬಿಯನ್ನು ಕಾಕಿ ಕೊನೆಗೆ ಕಿಟಕಿಯಿಂದ ಕೊಟ್ಟಳು. ಇಬ್ಬರೂ ಏನೂ ಮಾತಾಡಲಿಲ್ಲ. ಮಾತಾಡಿರಲೂಬಹುದು, ನಾನು ಬಸ್ಸಿನ ಗಾಲಿ ನೋಡುತ್ತಿದ್ದೆ.

ತಿಂಗಳಿಗೊಂದು ಪತ್ರ ಬರತೊಡಗಿತು. ಪ್ರತಿ ಪತ್ರಕ್ಕೂ ನೆತ್ತಿಯಲ್ಲಿ ಅಂಕಿ: ಪತ್ರ ಒಂದು, ಪತ್ರ ಎರಡು. ಅದು ಮನೆಗಷ್ಟೇ ಬರೆದ ಪತ್ರವಲ್ಲ. “ಎಲ್ಲರಿಗೂ ಓದಿ ಹೇಳಿರಿ” ಎಂದೇ ಶುರುವಾಗುತ್ತಿತ್ತು. ಕಾರ್ಬನ್ ಹಾಳೆ ಇಟ್ಟು ಬರೆದು ಒಂದು ಪ್ರತಿಯನ್ನು ತನ್ನ ಬಳಿ ಇಟ್ಟುಕೊಳ್ಳುತ್ತಿದ್ದ. ಮುಖ್ಯವಾದ ಮಾತಿನ ಕೆಳಗೆ ಮಸಿಯ ಗೆರೆ ಎಳೆಯುತ್ತಿರಲಿಲ್ಲ. ಆ ಸೀಳು ಉಗುರಿನಿಂದ ಒತ್ತಿ ಎಳೆಯುತ್ತಿದ್ದ. ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಎರಡು ಸಣ್ಣ ಗೀರು ಜೋಡಿಯಾಗಿ ಕಾಣುತ್ತಿದ್ದವು. ಸಂಜೆ ಅಪ್ಪ ಬಂದ ಮೇಲೆ ಪಡಸಾಲೆಯಲ್ಲಿ ಮಂದಿ ಸೇರುತ್ತಿದ್ದರು. ಅಪ್ಪ ಓದುತ್ತಿದ್ದ. ಆ ದೇಶದವರ ರೊಟ್ಟಿ ನಮ್ಮ ಹುಳಿ ದೋಸೆಯ ಹಾಗೆ, ಗಸಗಸೆಯಷ್ಟು ಸಣ್ಣ ಕಾಳಿನದು; ಒಂದೇ ತಾಟಿನಲ್ಲಿ ಎಲ್ಲರೂ ಉಣ್ಣುತ್ತಾರೆ; ಪ್ರೀತಿ ಹೆಚ್ಚಾದರೆ ಇನ್ನೊಬ್ಬರ ಬಾಯಿಗೆ ತುತ್ತಿಡುತ್ತಾರೆ; ಅವರ ವರ್ಷಕ್ಕೆ ಹದಿಮೂರು ತಿಂಗಳು, ಕೊನೆಯ ತಿಂಗಳಿಗೆ ಐದೇ ದಿನ.

“ಹದಿಮೂರು ತಿಂಗಳಾ?” ಎಂದ ಚಾಚಾ. “ಹಂಗಾದ್ರ ಅಲ್ಲಿ ಬಸುರಿ ಹೆಂಗಸು ಎಷ್ಟು ತಿಂಗಳಿಗಿ ಹಡೀತಾಳ್ರಿ?”

ಈ ಪ್ರಶ್ನೆಯನ್ನು ಅಪ್ಪ ಬರೆದು ಕಳಿಸಿದ. “ಚಾಚಾನಿಗೆ ಹೇಳಿರಿ, ಅದಕ್ಕೆ ಮಾತ್ರ ಇಲ್ಲೂ ಒಂಬತ್ತೇ” ಎಂದು ಎರಡು ತಿಂಗಳ ಮೇಲೆ ಉತ್ತರ ಬಂತು. ಪಡಸಾಲೆ ನಕ್ಕದ್ದು ನೆನಪಿದೆ.

ಆಮೇಲಿನ ಪತ್ರಗಳಲ್ಲಿ ನಗು ಕಡಿಮೆಯಾಯಿತು. ಅಲ್ಲಿ ರಾಜನನ್ನು ಇಳಿಸಿ ಸೈನ್ಯ ಕೂತಿತ್ತು. ಹದಿನಾರನೆಯದೋ ಹದಿನೇಳನೆಯದೋ ಪತ್ರದಲ್ಲಿ ಹೀಗಿತ್ತು, ಇದು ಈಗಲೂ ನನ್ನ ಬಳಿ ಇದೆ: “ಬೆಳಿಗ್ಗೆ ಹಾಜರಿ ಕೂಗುವಾಗ ಕೆಲವು ಹೆಸರುಗಳಿಗೆ ಯಾರೂ ಉತ್ತರ ಕೊಡುವುದಿಲ್ಲ. ಮೊದಮೊದಲು ಎರಡು ಸಲ ಕೂಗುತ್ತಿದ್ದೆ. ಈಗ ನಿಲ್ಲದೆ ಮುಂದಿನ ಹೆಸರಿಗೆ ಹೋಗುತ್ತೇನೆ. ಹುಡುಗರೂ ತಲೆ ಎತ್ತುವುದಿಲ್ಲ.” ಅಪ್ಪ ಇದನ್ನು ಮಂದಿಯ ಮುಂದೆ ಓದಲಿಲ್ಲ. ಅವನ ಕಣ್ಣು ಸಾಲು ಹಾರಿದ್ದನ್ನು ಪಕ್ಕದಲ್ಲಿ ಕೂತ ನಾನು ಕಂಡೆ.

ಹತ್ತೊಂಬತ್ತನೆಯ ಪತ್ರ ಬಂದ ದಿನದ ಬಗ್ಗೆ ನನ್ನಲ್ಲಿ ಎರಡು ನೆನಪುಗಳಿವೆ.

ಒಂದರಲ್ಲಿ ನಾನು ಶಾಲೆಯಲ್ಲಿದ್ದೇನೆ. ಆಯಿಯ ಕೂಗು ಕೇಳಿ ಮಾಸ್ತರರು ಪಾಠ ನಿಲ್ಲಿಸುತ್ತಾರೆ. ಓಡಿ ಬಂದರೆ ಅಂಗಳದ ತುಂಬ ಹೆಂಗಸರು. ಇನ್ನೊಂದರಲ್ಲಿ ಪೋಸ್ಟಮನ್ ಮಾಮಾ ಶಾಲೆಯ ಗೇಟಿನಲ್ಲಿ ನೀಲಿ ಲಕೋಟೆಯನ್ನು ನನ್ನ ಕೈಗಿಡುತ್ತಾನೆ. ಬಿಸಿಲಿಗೆ ಮನೆ ತನಕ ಬರಲು ಬೇಸರಪಟ್ಟು ಅವನು ಎಷ್ಟೋ ಸಲ ಹಾಗೆ ಮಾಡುತ್ತಿದ್ದ. ಟಿಕೀಟಿನ ಮೇಲೆ ಕಾಡೆಮ್ಮೆಯಂಥ ಪ್ರಾಣಿಯ ಚಿತ್ರ. ನಾನು ಮೂಲೆಗೆ ಉಗುಳು ಹಚ್ಚುತ್ತಿದ್ದೇನೆ. ಅದು ಬಿಡುತ್ತಿಲ್ಲ.

ಎರಡರಲ್ಲೂ ಮನೆಯಲ್ಲಿ ನಡೆದದ್ದು ಒಂದೇ. ಆಯಿ ಪತ್ರವನ್ನು ಹಿಡಿದು ಬೆರಳು ಆಡಿಸಿದಳು. ಮೂರು ಮೂಲೆ ಇದ್ದವು, ನಾಲ್ಕನೆಯದು ಇರಲಿಲ್ಲ. ಆ ದೇಶದಿಂದ ನಮ್ಮ ಮನೆಗೆ ಸುದ್ದಿ ಬರಬಹುದಾದದ್ದು ಒಬ್ಬನದೇ. ಓದಿಸುವ ಅಗತ್ಯವೇ ಅವಳಿಗೆ ಕಾಣಲಿಲ್ಲ. ಹೊಸ್ತಿಲ ಹೊರಗೆ ನಿಂತು ಚೂರು ಚೂರು ಮಾಡಿ, ಉರಿಯುತ್ತಿದ್ದ ನೀರೊಲೆಗೆ ತುರುಕಿದಳು. ರೊಟ್ಟಿ ಬಡಿಯುತ್ತಿದ್ದ ಕಾಕಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

ಸಂಜೆ ಅಪ್ಪ ಒಲೆಯ ಬೂದಿಯನ್ನು ಕೈಯಿಂದ ಕೆದಕಿದ. “ಯಾವ ಮೂಲಿ ಹರದಿತ್ತು ಯವ್ವಾ? ಟಿಕೀಟಿನ ಮೂಲಿಯೇನು?”

“ಮೂಲಿ ಅಂದ್ರ ಮೂಲಿ! ಮಗ ಹೋಗ್ಯಾನ, ಇಂವ ಮೂಲಿ ಕೇಳಾಕತ್ತಾನ!”

ಅಪ್ಪ ಆಗ ನನ್ನ ಕಡೆ ನೋಡಿದನೇ? ಇಲ್ಲಿ ಚುಕ್ಕಿ ಗೆರೆ.

ಮರುದಿನ ಅವನು ಗುಲಬರ್ಗಾಕ್ಕೆ ಹೋಗಿ ತಾರು ಕೊಟ್ಟು ಬಂದ. ಪೋಸ್ಟಮನ್ ಮಾಮಾನನ್ನೂ ಕೇಳಿದ. “ನಾ ಕೊಡೂಮುಂದ ಸಾಬೂತ್ ಇತ್ರಿ ಸಾಹೇಬ್ರ, ನಾಲ್ಕೂ ಮೂಲಿ ಇದ್ವು” ಎಂದನಂತೆ. ಯಾರ ಕೈಗೆ ಕೊಟ್ಟೆ ಎಂದು ಅಪ್ಪ ಕೇಳಿದನೋ, ಕೇಳಿ ಉತ್ತರವನ್ನು ತನ್ನಲ್ಲೇ ಇಟ್ಟುಕೊಂಡನೋ. ಮೂರನೆಯ ದಿನ ಊರಿನ ಹೆಂಗಸರು ಬಂದರು. “ತಾರಿನ ಜವಾಬು ಬರಲಿ, ತಡೀರಿ” ಎಂದು ಅಪ್ಪ ಬಾಗಿಲಿಗೆ ಅಡ್ಡ ನಿಂತ. “ಹರದ ಕಾಗದ ಜವಾಬಲ್ರೀ ಅಮ್ಮಾ” ಎಂದು ಚಾಚಾನೂ ಹೇಳಿ ನೋಡಿದ. ಹೆಂಗಸರು ಕೇಳಲಿಲ್ಲ. ಕಾಕಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಹಸಿರು ಬಳೆಗಳನ್ನು ಕಲ್ಲಿಗೆ ಹೊಡೆಸಿದರು. ಅವಳಿಗೆ ಆಗ ಇಪ್ಪತ್ತಾರು.

ತಾರಿಗೆ ಜವಾಬು ಬರಲೇ ಇಲ್ಲ, ಅದು ಅವನಿಗೆ ಮುಟ್ಟಿರಲಿಲ್ಲವೆಂದು ಕಾಣುತ್ತದೆ. ಎರಡೋ ಮೂರೋ ತಿಂಗಳ ಮೇಲೆ ಪತ್ರ ಇಪ್ಪತ್ತು ಬಂತು, ಕಾಕಾನ ಕೈಬರಹದಲ್ಲಿ, ನಾಲ್ಕೂ ಮೂಲೆ ಇದ್ದು. ಚಾಚಾ ಹೊಲಿಗೆ ಮಷೀನು ಬಿಟ್ಟು ಬರಿಗಾಲಲ್ಲಿ ಓಣಿಯ ತುಂಬ ಓಡಿದ. ಚೌಡಾಪುರದಿಂದ ಬಳೆಗಾರನನ್ನು ಕರೆಸಿದರು. ಕಾಕಿಯ ಕೈಗೆ ಏರಿಸುವಾಗಲೇ ಎರಡು ಬಳೆ ಒಡೆದವು.

ಆ ಸಂತೋಷದಲ್ಲಿ ಪತ್ರವನ್ನು ಸರಿಯಾಗಿ ಕೇಳಿದವರು ಯಾರು? ಅದರಲ್ಲಿ, “ಉತ್ತರ ಕಾದೆ, ಬರಲಿಲ್ಲ. ಇನ್ನೆರಡು ವರ್ಷಕ್ಕೆ ಸಹಿ ಮಾಡಿದೆ” ಎಂದಿತ್ತು. ಉತ್ತರ ಕಾದೆ ಎಂಬುದರ ಕೆಳಗೆ ಉಗುರಿನ ಜೋಡಿ ಗೀರು. ಆಯಿಗೆ ಕೇಳಿಸಿದ್ದು ಸಹಿಯೊಂದೇ. “ನನ್ನ ಕೇಳಲಾರದೇ ಮಾಡಿದ” ಎಂದಳು. ಆದರೂ ಅವನನ್ನು ಸತ್ತನೆಂದು ಅತ್ತದ್ದನ್ನು ಮಾತ್ರ ಬರೆಯಗೊಡಲಿಲ್ಲ. “ಸತ್ತ ಸುದ್ದಿ ಹಬ್ಬಿದಾಂವ್ಗ ಆಯುಷ್ಯ ಹೆಚ್ಚಂತ. ಆದ್ರ ಅವನ ಕಿವಿಗಿ ಬೀಳಬಾರದು. ಬರದ್ರ ನನ್ನಾಣಿ ಅದ.” ಹಾಗಾಗಿ, ಹತ್ತೊಂಬತ್ತನೆಯ ಪತ್ರ ಟಪಾಲಿನಲ್ಲಿ ಕಳೆದುಹೋಯಿತು, ಅದರಲ್ಲಿ ನೀನು ಏನು ಕೇಳಿದ್ದೆ, ಎಂದು ಅಪ್ಪ ಬರೆದ. ಕಾಕಾನ ಉತ್ತರ ಚಿಕ್ಕದಾಗಿತ್ತು: “ವಿಶೇಷವೇನೂ ಇರಲಿಲ್ಲ. ಬರುವಾಗ ಕಾಫಿ ಬೀಜ ತರಲೇ ಎಂದು ಕೇಳಿದ್ದೆ.”

“ಕಾಫಿ ಕೇಳಾಕ ನೆನಪಾತು,” ಎಂದಳು ಆಯಿ, “ನನ್ನ ಕೇಳಾಕ ನೆನಪಾಗಲಿಲ್ಲ.” ಆ ಮಾತನ್ನು ಅವಳು ಸಾಯುವ ತನಕ ಬಿಡಲಿಲ್ಲ.

ಹೊಸ ಸಹಿಯ ಮೇಲೆ ಅವನನ್ನು ಗುಡ್ಡದ ಊರಿನಿಂದ ತಗ್ಗಿನ ಊರಿಗೆ ಕಳಿಸಿದರು. “ಇಲ್ಲಿ ನಮ್ಮ ಜೇವರ್ಗಿಯದೇ ಬಿಸಿಲು. ಚಾಚಾನ ಕೋಟು ಪೆಟ್ಟಿಗೆಗೆ ಹೋಯಿತು. ಸೊಳ್ಳೆ ಮಾತ್ರ ನಮ್ಮಲ್ಲಿಗಿಂತ ಹೆಚ್ಚು” ಎಂದು ಬರೆದಿದ್ದ. ಅಂಥ ಪತ್ರಗಳು ಏಳೆಂಟು ಬಂದವು.

ಆಮೇಲೆ ಒಂದು ದಿನ ಬಿಳಿಯ ಲಕೋಟೆ ಬಂತು. ಆಯಿ ಕಟ್ಟೆಯ ಮೇಲೆ ಕೂತು ಅದರ ಅಂಚನ್ನು ಸವರಿದಳು. ಒಂದು, ಎರಡು, ಮೂರು, ನಾಲ್ಕು. ಎಣಿಸಿದ್ದು ನನಗೆ ಕೇಳಿಸಿತು. ನಕ್ಕಳು. ಅದನ್ನು ಗೋಡೆಯ ಗೂಡಿನಲ್ಲಿ ವಿಭೂತಿಯ ಪಕ್ಕ ಇಟ್ಟು, “ಮಾಸ್ತರನ ಪತ್ರ ಬಂದದ, ಸಂಜಿಕಿ ಬರ್ರಿ” ಎಂದು ಓಣಿಗೆಲ್ಲ ಹೇಳಿ ಬರಲು ನನ್ನನ್ನು ಕಳಿಸಿದಳು. ಮೇಲಿನ ವಿಳಾಸದ ಕೈಬರಹ ಬೇರೆ ಎಂಬುದನ್ನು ನಾನು ನೋಡಿದ್ದೆ. ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ.

ಪಡಸಾಲೆ ತುಂಬಿತ್ತು. ಅಪ್ಪ ಬಸ್ಸಿಳಿದು ಬಂದು, ಕಾಲು ತೊಳೆದು, ಲಕೋಟೆ ಒಡೆದ. ಪತ್ರ ಇಂಗ್ಲಿಷಿನಲ್ಲಿತ್ತು. ಕಾಕಾನ ಜೊತೆ ಕಲಿಸುತ್ತಿದ್ದ ಕೇರಳದ ಮಾಸ್ತರರೊಬ್ಬರು ಬರೆದದ್ದು. ಅಪ್ಪ ಎರಡು ಸಾಲು ಓದಿಕೊಂಡ. ಆಮೇಲೆ ಹಾಳೆ ತಿರುವಿ ಕೊನೆಯ ಸಹಿ ನೋಡಿದ.

“ಓದಪಾ, ಮಂದಿ ಕುಂತದ” ಎಂದಳು ಆಯಿ.

ಜ್ವರ ನಾಲ್ಕು ದಿನವಷ್ಟೇ ಇತ್ತಂತೆ. ದವಾಖಾನೆ ಒಂದು ದಿನದ ದಾರಿ. ಅವನ ವಿದ್ಯಾರ್ಥಿಗಳೇ ಹೊತ್ತುಕೊಂಡು ಹೋಗಿ ನೀಲಗಿರಿ ಮರಗಳಿದ್ದ ಒಂದು ದಿನ್ನೆಯಲ್ಲಿ ಮಣ್ಣು ಮಾಡಿದರಂತೆ. ಅಪ್ಪ ಇದನ್ನೆಲ್ಲ ಕನ್ನಡದಲ್ಲಿ ಹೇಗೆ ಹೇಳಿದ ಎಂಬುದು ನನಗೆ ನೆನಪಿಲ್ಲ. ಆಯಿ ಅವನ ಕೈಯಿಂದ ಲಕೋಟೆ ಕಸಿದುಕೊಂಡು ಎಲ್ಲರ ಮುಂದೆ ಹಿಡಿದದ್ದು ನೆನಪಿದೆ. “ಮೂಲಿ ಹರದಿಲ್ಲಲ್ಲೋ! ಸುಳ್ಳದು. ಮೂಲಿ ನೋಡೋ, ನಾಲ್ಕೂ ಅದಾವ!” ಚಾಚಾನ ಹತ್ತಿರ ಹೋದಳು, ಅವನ ಬೆರಳು ಹಿಡಿದು ಒಂದೊಂದೇ ಮೂಲೆಯನ್ನು ಮುಟ್ಟಿಸಿದಳು. ಚಾಚಾ ಮುಟ್ಟಿದ.

ಬಹಳ ಹೊತ್ತಿನ ಮೇಲೆ ಅವಳು ಅಪ್ಪನನ್ನು ಕೇಳಿದಳು, “ಕುಂದರಿಸಿ ಮಣ್ಣು ಕೊಟ್ಟರೋ, ಮಲಗಿಸಿ ಕೊಟ್ಟರೋ?” ನಮ್ಮವರನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡುತ್ತಾರೆ. ಪತ್ರದಲ್ಲಿ ಆ ವಿವರ ಇರಲಿಲ್ಲ. ಕಾಕಿಯ ಬಳೆ ಎರಡನೆಯ ಸಲ ತೆಗೆದರು. ಈ ಸಲ ಅವಳೇ ಎದ್ದು ಹಿತ್ತಲಿಗೆ ನಡೆದಳು.

ಕೆಲವು ತಿಂಗಳ ಮೇಲೆ ಅವನ ಟ್ರಂಕು ಬಂತು. ಚಾಚಾ ಹೊಲಿದ ಕೋಟು. ಅವನ ಕೊರಳಿನ ಲಿಂಗ, ಬೆಳ್ಳಿಯ ಕರಡಿಗೆಯ ಸಮೇತ. ಅಂದರೆ ಅದಿಲ್ಲದೆಯೇ ಅವನು ಮಣ್ಣಿಗೆ ಹೋಗಿದ್ದ. ಒಂದು ಬಟ್ಟೆಯ ಚೀಲದಲ್ಲಿ ಹಸಿ ಕಾಫಿ ಬೀಜ. ಕಾರ್ಬನ್ ಪ್ರತಿಗಳ ಕಟ್ಟು. ಅಪ್ಪ ಕಟ್ಟು ಬಿಚ್ಚಿ, ಒಂದು ಹಾಳೆಯನ್ನು ಹುಡುಕಿ ತೆಗೆದು ಓದಿಕೊಂಡ.

“ಆ ಕಳದ ಪತ್ರದಾಗ ಏನ್ ಬರದಿದ್ದ?” ಎಂದಳು ಆಯಿ.

“ಕಾಫಿ ಬೀಜದ್ದೇ ಯವ್ವಾ” ಎಂದ ಅಪ್ಪ. ಆ ಹಾಳೆಯನ್ನು ಮಡಿಚಿ ಅಂಗಿಯ ಕಿಸೆಗೆ ಹಾಕಿಕೊಂಡ.

ಆಯಿ ಮುಂದೆ ಐದು ವರ್ಷ ಬದುಕಿದ್ದಳು. ಅಪ್ಪ ಹೋಗಿ ಈಗ ಮೂರು ವರ್ಷ. ಅವನ ಕಪಾಟು ತೆರವು ಮಾಡುವಾಗ ಕಚೇರಿಯ ಹಳೆಯ ಕಾಗದಗಳ ನಡುವೆ ಆ ಹಾಳೆ ನನಗೆ ಸಿಕ್ಕಿತು. ಪತ್ರ ಹತ್ತೊಂಬತ್ತು. ಅದರಲ್ಲಿ ಕಾಫಿಯ ಮಾತೇ ಇಲ್ಲ.

“ಅವ್ವನಿಗೆ ಮಾತ್ರ ಓದಿ ಹೇಳಿರಿ. ಕೇಳಿಯೇ ಇರುತ್ತೇನೆ ಎಂದಿದ್ದೆ, ಕೇಳುತ್ತಿದ್ದೇನೆ. ಹಾಜರಿ ಪುಸ್ತಕ ತೆರೆಯುವುದಕ್ಕೇ ನನಗೆ ಭಯವಾಗುತ್ತಿದೆ. ಆದರೆ ಉಳಿದ ಹುಡುಗರಿಗೆ ಬೇರೆ ಮಾಸ್ತರ ಇಲ್ಲ. ನನಗೆ ತೀರ್ಮಾನಿಸಲು ಆಗುತ್ತಿಲ್ಲ. ಬಾ ಎಂದರೆ ಬರುತ್ತೇನೆ. ಉತ್ತರ ಬಾರದಿದ್ದರೆ ಅವ್ವ ಇರು ಎಂದಳೆಂದು ತಿಳಿಯುತ್ತೇನೆ.”

ಮೂಲ ಪತ್ರಗಳಲ್ಲಿ ಬೆಳಕಿಗೆ ಹಿಡಿದರಷ್ಟೇ ಕಾಣುತ್ತಿದ್ದ ಉಗುರಿನ ಗೀರು ಕಾರ್ಬನ್ನಿನ ಒತ್ತಿಗೆ ಇಲ್ಲಿ ನೀಲಿಯಾಗಿ ಮೂಡಿದೆ. ಬಾ ಎಂದರೆ ಬರುತ್ತೇನೆ ಎಂಬುದರ ಕೆಳಗೆ, ಎರಡು ಗೆರೆ.

ಹೆಂಡತಿಗೆ ಬೇರೆ ಸಾಲು ಅದರಲ್ಲಿರಲಿಲ್ಲ ಎಂಬುದನ್ನೂ ಇಲ್ಲಿ ಬರೆದಿಡಬೇಕು. ಕಾಕಾನನ್ನು ನಾನು ಪ್ರೀತಿಸುತ್ತಿದ್ದೆ ಎಂದು ಅದನ್ನು ಬಿಡಲಾರೆ.

ಅದೇ ಕಪಾಟಿನಲ್ಲಿ ನನ್ನ ಟಿಕೀಟಿನ ಪುಸ್ತಕವೂ ಇತ್ತು. ಅದನ್ನು ಕಳೆದುಕೊಂಡೆ ಎಂದೇ ನಾನು ತಿಳಿದಿದ್ದೆ. ಆಯಿ ಹೂಂ ಎಂದ ಮೇಲೆ ಕಾಕಿ ಕತ್ತರಿಯಿಂದ ನೇರವಾಗಿ ಕತ್ತರಿಸಿಕೊಟ್ಟ ಟಿಕೀಟುಗಳು ಸಾಲಾಗಿವೆ. ಒಂದರ ಸುತ್ತ ಮಾತ್ರ ನೀಲಿ ಕಾಗದ ಹಲ್ಲುಹಲ್ಲಾಗಿ ಹರಿದಿದೆ. ಅದರ ಮೇಲೆ ಕಾಡೆಮ್ಮೆಯಂಥ ಪ್ರಾಣಿ. ನಾನೇ ಅಂಟಿಸಿದ್ದು ನೆನಪಿಲ್ಲ. ಬೇರೆ ಪತ್ರದ್ದೂ ಆಗಿರಬಹುದು. ಎಲ್ಲವೂ ನೀಲಿ ಲಕೋಟೆಗಳೇ. ಶಾಲೆಯಲ್ಲಿದ್ದ ನೆನಪು ನಿಜವೋ, ಗೇಟಿನ ಹತ್ತಿರದ್ದು ನಿಜವೋ, ಇಲ್ಲ ಟಿಕೀಟು ನೋಡಿದ ಮೇಲೆ ಎರಡನೆಯದನ್ನು ನಾನೇ ಕಟ್ಟಿಕೊಂಡೆನೋ. ಆದರೆ ಈಗೀಗ ಆ ನೆನಪಿಗೆ ಇನ್ನೊಂದು ತುಣುಕು ಸೇರಿದೆ: ಹಿಟ್ಟಿನ ಕೈಯಲ್ಲಿ ಹೊರಗೆ ಬಂದ ಕಾಕಿ ಆಯಿಯನ್ನು ನೋಡುತ್ತಿಲ್ಲ, ನನ್ನನ್ನು ನೋಡುತ್ತಿದ್ದಾಳೆ, ನನ್ನ ಮುಚ್ಚಿದ ಕೈಯನ್ನು.

ಪುಸ್ತಕ ತೆಗೆದುಕೊಂಡು ಕಾಕಿಯ ಬಳಿ ಹೋದೆ. ಅವಳು ಅದೇ ಮನೆಯಲ್ಲಿ, ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಪುಟ ತೆರೆದು ಮುಂದಿಟ್ಟೆ. ಹರಿದ ಅಂಚಿನ ಮೇಲೆ ಹೆಬ್ಬೆರಳು ಒಮ್ಮೆ ಆಡಿಸಿದಳು. ನಾನು ಕೇಳಿದೆ. ಅವಳು ಮೊರ ಸರಿಸಿ, “ಹೆರಳು ಬಿಚ್ಚೇದ ನಿಂದು. ಈ ಕಡಿ ಬಾ, ಕುಂದ್ರು” ಎಂದಳು. ಅವಳಿಗೆ ಬೆನ್ನು ಕೊಟ್ಟು ಕೂತೆ. ಬಳೆಯಿಲ್ಲದ ಕೈಗಳು ಸದ್ದಿಲ್ಲದೆ ನನ್ನ ಕೂದಲನ್ನು ಮೂರು ಪಾಲು ಮಾಡಿದವು, ಬಿಗಿಯಾಗಿ, ಮೊದಲಿನಂತೆಯೇ. ಆಮೇಲೆ ಎಷ್ಟೋ ಸಲ ಹೋಗಿ ಬಂದಿದ್ದೇನೆ, ಅವಳು ಆ ಮಾತು ಎತ್ತಿಲ್ಲ. ನಾನು ಕೇಳಿದ್ದು ಇಷ್ಟೇ:

“ಕಾಕಿ, ಆವತ್ತು ನನ್ನ ಮುಷ್ಟಿಯೊಳಗ ಏನಿತ್ತು?”